ಮುಯ್ಯಿಗೆ ರಸೀದಿ ಎಲ್ಲಿಂದ ತರಲಿ?

ಆದಾಯ ತೆರಿಗೆಯ ಸಾಹೇಬರಿಗೆ,

ಮಾನ್ಯರೇ,

ನನ್ನ ತಂಗಿ ಗೌರವ್ವ ಇಚಲಕರಂಜಿಯಲ್ಲಿ ಬಾಡಿಗೆಗೆ ಕೊಟ್ಟಿದ್ದ ಮನೆಯನ್ನು ಹದಿನೆಂಟು ಸಾವಿರಕ್ಕೆ ಮಾರಿದಳು. ಆ ಹದಿನೆಂಟು ಸಾವಿರವೂ ಲಾಭವೇ ಎಂದು ತಾವು ತೆರಿಗೆ ವಿಧಿಸಿದ್ದೀರಿ. ಅಂದರೆ ಆ ಮನೆ ಪೈಸೆಯ ಖರ್ಚಿಲ್ಲದೆ ತಾನಾಗಿ ಎದ್ದು ನಿಂತಿತು ಎಂದಾಯಿತು. ಮಗ್ಗದ ಕೆಲಸಗಾರರ ಮೂರು ಸಂಸಾರ ಏಳು ವರ್ಷ ಬಾಳಿದ್ದು ಎಲ್ಲಿ, ಗಾಳಿಯಲ್ಲೇ?

ತಪ್ಪು ನನ್ನದೂ ಇದೆ. ೧೯೫೬ರಲ್ಲಿ ಗೌರವ್ವನ ಗಂಡ ಸಾತಪ್ಪ ತನ್ನ ಪಾಲಿನ ಜಾಗದಲ್ಲಿ ಅದನ್ನು ಮುಯ್ಯಿಯಲ್ಲಿ ಕಟ್ಟಿದ. ಇಂದು ನನ್ನ ಗೋಡೆಗೆ ನೀನು ಬಾ, ನಾಳೆ ನಿನ್ನ ಗೋಡೆಗೆ ನಾನು ಬರುತ್ತೇನೆ, ಕರಾರು ಇಷ್ಟೇ. ಕಲ್ಲು ಸ್ವಂತ ಹೊಲದ್ದು, ತೊಲೆ ಬದುವಿನ ಬೇವಿನದು. ಬಂದಿದ್ದ ಹದಿನಾಲ್ಕು ಜನರ ಮನೆಗಳಲ್ಲಿ ಸಾತಪ್ಪ ಎರಡು ಬೇಸಿಗೆ ಮಣ್ಣು ಹೊತ್ತ, ಆಮೇಲೆ ತೀರಿಹೋದ. ಅಂದಿನಿಂದ ತಂಗಿ ನನ್ನ ಮನೆಯಲ್ಲಿದ್ದು, ಆ ಬಾಡಿಗೆಯ ಮೇಲೆಯೇ ಬದುಕಿದಳು.

ನಿಮ್ಮ ತೆರಿಗೆ ನಮೂನೆಯಲ್ಲಿ ‘ಕಟ್ಟಿಸಿದ ಖರ್ಚು’ ಎಂಬಲ್ಲಿ ಏನು ಬರೆಯಲೆಂದು ಅವಳನ್ನು ಕೇಳಿದೆ.

“ಮುಯ್ಯಿಗೆ ಬಂದವರ ಕೈಗೆ ರೊಕ್ಕದ ಲೆಕ್ಕ ಹಚ್ಚತಾರೇನಣ್ಣಾ? ನಾಚಿಕಿ ಬ್ಯಾಡೇನು? ಏನೂ ಇಲ್ಲ ಅಂತ ಬರಿ.”

ನಾನೂ ಮಹಾ ಸತ್ಯವಂತನಂತೆ ಹಾಗೆಯೇ ಬರೆದೆ.

ತಿದ್ದಿಸಲೆಂದು, ಆ ಗೋಡೆ ಕಟ್ಟಿದ ಭರಮಪ್ಪನನ್ನೇ ನಿಮ್ಮೆದುರು ತಂದು ನಿಲ್ಲಿಸಿದೆ. “ಇದ ಕೈಲೆ ಕಟ್ಟೇನ್ರಿ ಸಾಹೇಬ್ರ” ಎಂದು ಅವನು ಎರಡೂ ಅಂಗೈ ಚಾಚಿದ. ತಾವು ಕೈ ನೋಡಲಿಲ್ಲ, “ಕಾಗದ ಕುಠೆ ಆಹೆ?” ಎಂದು ಮರಾಠಿಯಲ್ಲಿ ಕಾಗದ ಕೇಳಿದಿರಿ. ಅವಳೇ ಅಲ್ಲಿ ವಾಸವಿದ್ದು, ಮಾರಿ ಬೇರೆ ಮನೆ ಕೊಂಡಿದ್ದರೆ ತೆರಿಗೆ ಬೀಳುತ್ತಿರಲಿಲ್ಲ ಎಂಬ ಉಪದೇಶವನ್ನೂ ಕೊಟ್ಟಿರಿ. ಅಲ್ಲೇ ಇದ್ದಿದ್ದರೆ ಅವಳು ಉಣ್ಣಬೇಕಾದದ್ದು ಏನನ್ನು? ಭರಮಪ್ಪನನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಗಡಹಿಂಗ್ಲಜದಲ್ಲಿ ಎರಡು ಕೋಣೆಯ ಮನೆಗೆ ಗೌರವ್ವ ಮುಂಗಡ ಕೊಟ್ಟಿದ್ದಾಳೆ. ತೆರಿಗೆ ಕಟ್ಟಿದರೆ ಅದನ್ನು ಕೊಳ್ಳಲು ಹಣ ಸಾಲದು, ಈ ತಿಂಗಳು ದಾಟಿದರೆ ಮುಂಗಡವೂ ಮುಳುಗುತ್ತದೆ. ಆದ್ದರಿಂದ ನನ್ನ ಬೇಡಿಕೆ ಒಂದೇ: ಕಡತ ಮತ್ತೆ ತೆರೆಯಿರಿ, ಆ ಹದಿನಾಲ್ಕು ಜನರ ಸಾಕ್ಷಿ ಬರೆದುಕೊಳ್ಳಿ, ಗೋಡೆ ಅಳೆದು ಅದಕ್ಕೊಂದು ಬೆಲೆ ಕಟ್ಟಿರಿ.

ತಾವು ಮಾಡುತ್ತೀರೆಂಬ ನಂಬಿಕೆ ನನಗಿಲ್ಲ, ತಂಗಿಗಂತೂ ಮೊದಲೇ ಇಲ್ಲ. ನಿನ್ನೆ ಅವಳು, “ನಮ್ಮ ಮನಿ ಕೊಂಡ ಕುಂಥುನಾಥಗ ಕೇಳಿ ಬಾರಣ್ಣಾ, ಅದರಾಗ ನನಗೊಂದ ಖೋಲಿ ಬಾಡಿಗಿಗೆ ಕೊಡತಾನೇನಂತ” ಎಂದಳು.

ಕೇಳಿ ಬಂದೆ. ಕೊಡುತ್ತಾನಂತೆ. ತಿಂಗಳು ತಿಂಗಳೂ ರಸೀದಿಯನ್ನೂ ಕೊಡುತ್ತಾನಂತೆ.

ಇಂತಿ,
‘ಏನೂ ಇಲ್ಲ’ ಎಂದು ತನ್ನ ಕೈಯಾರೆ ಬರೆದ ಅಣ್ಣ,
ಶಂಕರಲಿಂಗ
ಗಡಹಿಂಗ್ಲಜ, ೧೯೬೩