ಹಸಿರೆಲೆಯಿಲ್ಲದ ರಾಜಕುಮಾರ

ಮಿನ್ಯಾ ಸೀಮೆ, ಕಾಲುವೆಯ ಪಡುದಂಡೆ
ಮಾರ್ಚ್ ಒಂಬತ್ತು, ಸಂಜೆ

ಕೇಳಿರಿ, ಕೇಳಿರಿ! ಜಗಲಿಯ ಮೇಲೆ ನೆರೆದ ಮಹಾಸಭಿಕರೇ! ಮೂಗು ಸೋರುವ ಬಸೀಮಾ ರಾಣಿಯವರೇ, ಹಲ್ಲುದುರಿದ ಹಿಲಾಲ್ ಪಾಷಾ ಅವರೇ, ನನ್ನ ಕಣ್ಣಬೆಳಕೇ ನವ್ವಾರಾ! ಗೊಂಬೆಯಾಟದ ಶಿಹಾತಾ ದೊಡ್ಡಪ್ಪನ ಸಲಾಮು. ನಿಮಗಿನ್ನೂ ಓದಲು ಬಾರದು. ಆದ್ದರಿಂದ ಈ ಕಾಗದವನ್ನು ನಿಮ್ಮಪ್ಪ, ನನ್ನ ಒಡಹುಟ್ಟಿದ ತಮ್ಮ ವಹ್ದಾನನೇ ಓದಲಿ. ಗಟ್ಟಿಯಾಗಿ ಓದಲಿ. ಒಂದು ಸಾಲನ್ನೂ ನುಂಗಬಾರದು. ನಿಮ್ಮಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳಲಿ.

ಇವತ್ತಿನ ಕಥಾನಾಯಕ ಹಾಲೂಕ್! ಮೊನ್ನೆ ನವ್ವಾರಾ ನನಗೆ ಕೊಟ್ಟ, ನೇರಳೆ ಗೀರಿನ ಬಿಳಿ ಹೂವೇ ಅವನು. ರಂಗಕ್ಕೆ ಬಂದರೆ ರಾಜಕುಮಾರ. ನೆಟ್ಟನೆ ನಿಲುವು, ಮೈತುಂಬ ಹೂ. ಆದರೆ ಮಕ್ಕಳೇ, ಅವನ ಮೈಮೇಲೆ ಒಂದೇ ಒಂದು ಹಸಿರೆಲೆ ತೋರಿಸಿ ನೋಡೋಣ! ಇಲ್ಲ. ಎಲೆಯುಳ್ಳ ಗಿಡ ಬಿಸಿಲು ಹಿಡಿದು ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಹಾಲೂಕನ ಮನೆಯಲ್ಲಿ ಒಲೆಯೇ ಇಲ್ಲ. ಅವನ ಬೀಜ ಧೂಳಿನಷ್ಟು ಸಣ್ಣದು, ಮಣ್ಣಿನಲ್ಲಿ ಹತ್ತು ವರ್ಷ ಬೇಕಾದರೂ ಮಲಗಿರುತ್ತದೆ. ಪಕ್ಕದಲ್ಲಿ ಫೂಲ್ ಅವರೆಯ ಬೇರು ಇಳಿದ ಸುಳಿವು ಸಿಕ್ಕಿತೋ, ಎದ್ದ! ಬೇರಿಗೆ ಬಾಯಿಟ್ಟು ಹೀರತೊಡಗಿದ. ಮೇಲೆ ಹೂವಿನ ಮೆರವಣಿಗೆ, ಕೆಳಗೆ ಕಳ್ಳತನ. ಅವನು ಬೀಜ ಚೆಲ್ಲಿದ ಹೊಲದಲ್ಲಿ ಆಮೇಲೆ ಅವರೆ ಬಾಳದು. ಮೇವಿನ ಹುಲ್ಲು ಬಿತ್ತುವುದೊಂದೇ ಗತಿ. ಹೂ ಕಂಡ ದಿನವೇ ಕಿತ್ತು ಸುಡಬೇಕೆಂದು ನಮ್ಮೂರಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಈಗ ಎರಡನೆಯ ಅಂಕ. ಗೊಂಬೆಪೆಟ್ಟಿಗೆ ಹೊತ್ತು ನಲವತ್ತು ದಿನ ಊರೂರು ತಿರುಗಲು ಹೊರಟಾಗ ನನ್ನ ಹೊಲವನ್ನು ನಿಮ್ಮಪ್ಪನ ಕೈಗಿಟ್ಟೆ. ಪ್ರತಿ ಶುಕ್ರವಾರ ಫೋನು ಮಾಡಿದೆ. "ಅಣ್ಣಾ, ನೀನು ಗೊಂಬೆ ಕುಣಿಸು ಹೋಗು. ಹೊಲ ನಿನ್ನ ಬೋಳುತಲೆ ಥರಾನೇ ಚೊಕ್ಕವಾಗಿದೆ" ಅಂದ. ನಕ್ಕೆ. ಆ ಮಾತನ್ನೇ ಗೊಂಬೆಯ ಬಾಯಲ್ಲಿ ಹೇಳಿಸಿ ಊರೂರ ಜನರನ್ನೂ ನಗಿಸಿದೆ.

ಮೊನ್ನೆ ಬಂದಿಳಿದಾಗ ನವ್ವಾರಾ ಹೂಗೊಂಚಲು ಹಿಡಿದು ಓಡಿ ಬಂದಳು. ಎಲ್ಲಿಯದಮ್ಮಾ ಎಂದೆ. "ನಿನ್ನ ಹೊಲದ್ದೇ ದೊಡ್ಡಪ್ಪಾ, ರಾಶಿ ಇದಾವೆ! ಅಪ್ಪ ಕೀಳ್ಬೇಡ ಅಂದ. ಬೀಜ ಆಗ್ಲಿ, ಆಮೇಲೆ ಅಣ್ಣ ಅವರೆ ಬೆಳೆಯೋದ್ ಬಿಟ್ಟು ಹೊಲಾನ ನಮ್ಮ ಎಮ್ಮೆ ಮೇವಿಗೆ ಕೊಡ್ಲೇಬೇಕು ಅಂದ. ನಾನು ನಿಂಗೋಸ್ಕರ ಕದ್ದು ಕಿತ್ಕೊಂಡ್ ಬಂದೆ."

ಸಭಿಕರೇ! ನೂರು ಊರಲ್ಲಿ ದ್ರೋಹಿಯ ಗೊಂಬೆ ಕುಣಿಸಿದ್ದೇನೆ. ಅವನಿಗೆ ಕರಿಮೀಸೆ, ಕರ್ಕಶ ದನಿ ಕೊಡುತ್ತಿದ್ದೆ. ಅವನು ನನ್ನ ತಮ್ಮನ ದನಿಯಲ್ಲಿ, ನಗಿಸುತ್ತ ಮಾತಾಡುತ್ತಾನೆಂದು ಈ ವಯಸ್ಸಿನಲ್ಲಿ ಕಲಿತೆ. ಮೇವಿಗೆ ಹೊಲ ಕೇಳಿದ್ದ, ಕೊಡೆನೆಂದಿದ್ದೆ, ನಿಜ. ಅಲ್ಲಿರುವುದು ನಮ್ಮಮ್ಮ ವರ್ಷವರ್ಷ ಬೂದಿಯಲ್ಲಿ ಹೊರಳಿಸಿ ಎತ್ತಿಟ್ಟ ಅವರೆಯ ತಳಿ. ಅವಳ ಗಡಿಗೆಯಲ್ಲಿ ಬೆಂದ ಫೂಲ್ ಕಾಳು ತಿಂದೇ ನಾವಿಬ್ಬರೂ ಬೆಳೆದದ್ದು. ಆ ಬೀಜ ಇನ್ನೆಲ್ಲೂ ಉಳಿದಿಲ್ಲ.

ನವ್ವಾರಾ, ನಿನ್ನ ಹೂವನ್ನು ಒಲೆಗೆಸೆದೆನೆಂದು ಅಳುತ್ತಿದ್ದೆಯಂತೆ. ನಿನ್ನ ಮೇಲೆ ಕೋಪವಿಲ್ಲ ಮಗಳೇ. ಇಡೀ ಊರಲ್ಲಿ ನನಗೆ ನಿಜ ಹೇಳಿದವಳು ನೀನೊಬ್ಬಳೇ.

ಹಾಲೂಕ್ ಕೆಳಗಿನಿಂದ ಮೇಲಕ್ಕೆ ಅರಳುತ್ತದೆ. ಬುಡದ ಕಾಯಿ ಬಲಿತಿದೆ, ಇನ್ನೂ ಒಡೆದಿಲ್ಲ. ಇಬ್ಬನಿ ಆರುವ ಮುಂಚೆ ಕಿತ್ತರೆ ಬೀಜ ಚೆಲ್ಲದು. ನಾಳೆ ಬೆಳಗ್ಗೆ ಕೋಳಿ ಕೂಗುವ ಹೊತ್ತಿಗೆ ಗೋಣಿಚೀಲ ಹಿಡಿದು ಹೊಲಕ್ಕಿಳಿಯುತ್ತೇನೆ. ಒಂದೊಂದನ್ನೂ ಕಿತ್ತು ಸುಡುತ್ತೇನೆ.

ನಿಮ್ಮ ದೊಡ್ಡಪ್ಪ,
ಶಿಹಾತಾ

ತಾ.ಕ.: ವಹ್ದಾನ್, ಇದನ್ನು ಮಕ್ಕಳಿಗೆ ಓದಬೇಡ. ನಾನೊಬ್ಬನೇ ಕಿತ್ತರೆ ಅರ್ಧ ಹೊಲ ಮುಗಿಯುವಷ್ಟರಲ್ಲೇ ಇಬ್ಬನಿ ಆರುತ್ತದೆ. ಬದುವಿನ ಮೇಲೆ ಇನ್ನೊಂದು ಚೀಲ ಇಟ್ಟಿರುತ್ತೇನೆ. ಕ್ಷಮಿಸಿದೆನೆಂದು ತಿಳಿಯಬೇಡ. ಮಾತಾಡಿಸಬೇಡ. ಬಾ.