ಕಲ್ಲಪ್ಪಜ್ಜನ ಹೆಸರಿನಲ್ಲಿದ್ದ ಪುಸ್ತಕ

ನನ್ನ ಮುತ್ಯಾ,

ನೀನು ನಮ್ಮನ್ನು ಬಿಟ್ಟು ಹೋಗುವ ಹಿಂದಿನ ವಾರ ನನ್ನ ಕೈ ಹಿಡಿದು ಕೇಳಿದ್ದು ನೆನಪಿದೆಯೇ? "ಪುಸ್ತಕ ಕೊಟ್ಟ ಬಂದ್ಯೇನವ್ವಾ?" "ಹೂಂ, ಕೊಟ್ಟ ಬಂದೆ. ಕಲ್ಲಪ್ಪಜ್ಜಗೂ ಹೇಳೇನಿ" ಎಂದೆ ನಾನು. ನಿನ್ನ ಮುಖ ಸಡಿಲಾಯಿತು. ಎಷ್ಟೋ ದಿನಗಳ ಮೇಲೆ ಅವತ್ತು ನೀನು ಎರಡು ತುತ್ತು ಹೆಚ್ಚಿಗೆ ಉಂಡೆ. ಮುತ್ಯಾ, ನಿನ್ನ ಮೊಮ್ಮಗಳು ಹೇಳಿದ್ದು ಸುಳ್ಳು. ಪುಸ್ತಕ ಕೊಟ್ಟಿರಲಿಲ್ಲ. ಕಲ್ಲಪ್ಪಜ್ಜನ ಮನೆಯ ಕಡೆ ಹೋಗಿರಲೂ ಇಲ್ಲ.

ಆ ಪುಸ್ತಕದ ಕತೆಯನ್ನು ನೀನು ನನಗೆ ಹೇಳಿದ್ದು ಹೊಳೆಯ ದಂಡೆಯಲ್ಲಿ, ಕುರಿಗಳಿಗೆ ನೀರು ಕುಡಿಸುತ್ತ. ಒಂದು ಮಳೆಗಾಲ ನಿನ್ನ ಕುರಿಗಳ ಗೊರಸು ಕೊಳೆಯತೊಡಗಿತ್ತು. ನಿನಗೆ ಓದು ಬರುತ್ತಿರಲಿಲ್ಲ. ಬಟ್ಟೆ ಹೊಲಿಯುತ್ತಿದ್ದ ನಿನ್ನ ಗೆಳೆಯ ಕಲ್ಲಪ್ಪಜ್ಜ, ತಾನು ವಾರಕ್ಕೊಂದು ಕಾದಂಬರಿ ತರುತ್ತಿದ್ದ ಊರ ಗ್ರಂಥಾಲಯದಿಂದ, ತನ್ನ ಹೆಸರಿನಲ್ಲಿ ಕುರಿಗಳ ರೋಗ ಮತ್ತು ಮದ್ದಿನ ಪುಸ್ತಕ ತಂದು ದಿನಾ ಸಂಜೆ ಹಟ್ಟಿಯಲ್ಲಿ ಕೂತು ಓದಿ ಹೇಳಿದ. ಕುರಿಗಳು ಉಳಿದವು. ನೀನು ಪುಸ್ತಕ ಇಟ್ಟುಕೊಂಡೆ. ಚಿತ್ರ ನೋಡಿ ಪುಟ ಗುರುತಿಸುತ್ತಿದ್ದೆ, ಬೇಕಾದಲ್ಲಿ ಒಂದೆಳೆ ಉಣ್ಣೆ ಇಡುತ್ತಿದ್ದೆ. ಇದು ಬರುವವರೆಗೆ ಬೇರೆ ಪುಸ್ತಕ ಇಲ್ಲ ಎಂದು ಗ್ರಂಥಾಲಯದವರು ಕಲ್ಲಪ್ಪಜ್ಜನಿಗೆ ಹೇಳಿಬಿಟ್ಟರು. ಪುಸ್ತಕ ಮರಳಿಸೆಂದು ಅವನು ನಿನ್ನನ್ನು ಮೂರನೆಯ ಸಲ ಕೇಳಿದ್ದು ಐನಾಪುರದ ಸಂತೆಯಲ್ಲಿ. ನಾಲ್ಕು ಮಂದಿಯ ಎದುರು ನೀನು, "ಯಾವ ಪುಸ್ತಕೋ? ನನಗ ಓದಾಕ ಬರೂದಿಲ್ಲ" ಅಂದೆ. ಅಲ್ಲಿಂದ ಮುಂದೆ ಅವನು ಕೇಳಲಿಲ್ಲ, ನಿನ್ನ ಹಟ್ಟಿಗೂ ಬರಲಿಲ್ಲ. "ಕೊಟ್ಟರ ಕುರಿ ಸಾಯ್ತಾವು ಅಂತ ಅಂಜಿದ್ನೆವ್ವಾ" ಎಂದು ನೀನು ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಹಾಸಿಗೆ ಹಿಡಿದ ಮೇಲೆ ನೀನು ಅದನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ನನಗೆ ಕೊಟ್ಟೆ. "ಗ್ರಂಥಾಲಯಕ್ಕ ಕೊಡು. ಕಲ್ಲಪ್ಪಗ ಹೇಳು, ತಪ್ಪ ನಂದು, ಒಮ್ಮೆ ಬಂದ ಹೋಗಂತ." ನಾನು ಹೋದೆ ಮುತ್ಯಾ, ಗ್ರಂಥಾಲಯದ ಮೆಟ್ಟಿಲವರೆಗೂ ಹೋದೆ. ಅಲ್ಲಿ ನನ್ನ ಜೊತೆ ಬಸ್ಸಿನಲ್ಲಿ ಅಥಣಿ ಕಾಲೇಜಿಗೆ ಬರುತ್ತಿದ್ದ ಗೆಳತಿಯರು ಕೂತಿದ್ದರು. ಚೀಲ ತೆಗೆದದ್ದೇ ತಡ, ಒಬ್ಬಳು ಮೂಗು ಮುಚ್ಚಿಕೊಂಡು, "ಏನ ಬೇ ಅದು, ಕುರಿವಾಸನಿ ಬರಾಕತ್ತೈತಿ!" ಅಂದಳು. ಉಳಿದವರು ನಕ್ಕರು. "ಏನಿಲ್ಲ" ಎಂದು ಚೀಲ ಮುಚ್ಚಿದೆ. ಪುಸ್ತಕ ಕೊಡದೆ ಕಲ್ಲಪ್ಪಜ್ಜನ ಮುಂದೆ ಹೋಗಲೂ ಮುಖವಿರಲಿಲ್ಲ, ಹಾಗೇ ಮನೆಗೆ ಬಂದೆ. ಚೀಲ ಮುಚ್ಚಿಸಿದ್ದು ಪುಸ್ತಕ ತಡವಾಗಿದೆ ಎಂಬ ನಾಚಿಕೆಯಲ್ಲ. ನನಗೆ ನಾಚಿಕೆಯಾದದ್ದು... ಅದನ್ನು ನಿನಗೆ ಹೇಗೆ ಬರೆಯಲಿ?

ಕಳೆದ ತಿಂಗಳು ಟ್ರಂಕಿನಲ್ಲಿ ನನ್ನ ಹತ್ತು ವರ್ಷದ ಮಗಳಿಗೆ ಆ ಪುಸ್ತಕ ಸಿಕ್ಕಿತು. ಮರೆತಿದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಪ್ರತಿ ಸಲ ಮನೆ ಬದಲಿಸಿದಾಗಲೂ ಅದನ್ನು ಟ್ರಂಕಿನ ತಳಕ್ಕೆ ಇಟ್ಟವಳು ನಾನೇ. ಅವಳು ಮೊದಲ ಪುಟದ ಮುದ್ರೆ ಓದಿ, "ಮಮ್ಮಿ, ಇದನ್ನ ಹೊಳ್ಳಿ ಕೊಡಬೇಕಲ್ಲಾ?" ಎಂದಳು. "ಕೊಡಬೇಕು." "ಮತ್ತ ಯಾಕ ಕೊಟ್ಟಿಲ್ಲ?" ಮರುದಿನ ಆಫೀಸಿಗೆ ರಜೆ ಹಾಕಿ ಊರಿಗೆ ಹೋದೆ.

ಗ್ರಂಥಾಲಯದಲ್ಲಿ ಈಗ ಒಬ್ಬ ಹೆಣ್ಣುಮಗಳಿದ್ದಾಳೆ. "ಇದು ಯಾದಿಯೊಳಗಿಂದ ಯಾವಾಗೋ ತಗದ ಹೋಗೈತ್ರಿ, ಯಾರೂ ಕೇಳಂಗಿಲ್ಲ" ಎಂದಳು. "ಕೇಳದಿದ್ರೂ ಬರಕೊಡ್ರಿ" ಎಂದೆ. ಕಲ್ಲಪ್ಪನವರ ಹೆಸರಿನಲ್ಲಿದ್ದ ಪುಸ್ತಕ ಮರಳಿ ಬಂದಿದೆ ಎಂದು ಬರೆದು ಮುದ್ರೆ ಒತ್ತಿ ಕೊಟ್ಟಳು.

ಆ ಚೀಟಿ ಹಿಡಿದು ಕಲ್ಲಪ್ಪಜ್ಜನ ಮನೆಗೆ ಹೋದೆ. ನೀನು ಹೋದ ಎರಡು ವರ್ಷಕ್ಕೆ ಅವನೂ ತೀರಿಕೊಂಡಿದ್ದ. ಅವನ ಮಗಳು ಶೇವಂತಕ್ಕ ಮಷೀನಿನ ಮುಂದೆ ಕೂತು ಜಂಪರು ಹೊಲಿಯುತ್ತಿದ್ದಳು. ಸಂತೆಯ ಮಾತು, ನನ್ನ ಸುಳ್ಳು, ಎಲ್ಲ ಹೇಳಿದೆ. ಅವಳು ಚೀಟಿ ಓದಿ ಮಷೀನಿನ ಮೇಲಿಟ್ಟಳು. "ಅಪ್ಪ ಮತ್ತ ಆ ಗ್ರಂಥಾಲಯದ ಮೆಟ್ಟಲ ಹತ್ತಲಿಲ್ಲ. ಕಿರಾಣಿ ಕಟ್ಟಿಕೊಟ್ಟ ಹಾಳಿ ಬಿಡಿಸಿ ಓದತಿದ್ದ" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಮುತ್ಯಾ ಜಡ್ಡಾಗ್ಯಾನ ಅಂದಾಗ ಎರಡ ಸಲ ನಿಮ್ಮ ಓಣಿತನಕ ಬಂದ ಹೊಳ್ಳಿ ಬಂದ. ಒಂದ ಮಾತ ಹೇಳಿ ಕಳಸ್ಲಿ, ಹೋಗ್ತೇನಿ ಅಂತಿದ್ದ" ಎಂದಳು.

ನೀನು ಹೇಳಿ ಕಳಿಸಿದ್ದೆ. ಆ ಮಾತು ನನ್ನ ಬಾಯಲ್ಲೇ ಉಳಿದಿತ್ತು.

"ಮಾಫ್ ಮಾಡಕ್ಕಾ" ಎಂದೆ. "ನಾ ಯಾರವ್ವಾ ಮಾಫ್ ಮಾಡಾಕ? ಮಾಡಬೇಕಾದವರು ಇಬ್ರೂ ಇಲ್ಲ" ಎಂದು ಅವಳು ಮತ್ತೆ ಹೊಲಿಗೆಗೆ ಕೂತಳು. ನಾನು ಅಲ್ಲಿಂದ ಎದ್ದು ಬಂದೆ.

ನನ್ನನ್ನು ಕ್ಷಮಿಸು ಎಂದು ನಿನ್ನನ್ನು ಕೇಳಲೂ ಬಾಯಿ ಬರುತ್ತಿಲ್ಲ. ಒಂದು ಸುದ್ದಿ ಮಾತ್ರ ತಿಳಿಸಬೇಕಿತ್ತು. ಗೆಳೆಯ ಬರಲಿಲ್ಲ, ಸಿಟ್ಟು ಹೋಗಿಲ್ಲ ಅಂದುಕೊಂಡೇ ನೀನು ಕಣ್ಣು ಮುಚ್ಚಿದೆ. ಹಾಗಲ್ಲ ಮುತ್ಯಾ. ಅವನು ನಿನ್ನ ಹತ್ತಿರ ಬರಲು ಎರಡು ಸಲ ಮನೆ ಬಿಟ್ಟಿದ್ದ.

ನಿನ್ನ ಮೊಮ್ಮಗಳು,
ಸುರೇಖಾ