ಥರ್ಸ್ಟನ್ನನ ಪಾಲು

೧೬೧೧ ನವೆಂಬರ್ ೧೪, ಗುರುವಾರ

ನನ್ನ ಹೊಸ ಕೃತಿ ಚೆನ್ನಾಗಿದೆ, ಅದರಲ್ಲಿ ಅನುಮಾನವಿಲ್ಲ. ಹಾಡಿನ ಸಾಹಿತ್ಯವೇ ಇಲ್ಲದೆ, ಕಮಾನಿನಿಂದ ನುಡಿಸುವ ಐದು ವಯಲ್‌ಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಆದರೂ ಇಂದು ಮಧ್ಯಾಹ್ನ ನಾಲ್ಕು ಸಲವೂ ಒಂದೇ ಜಾಗದಲ್ಲಿ ಕೆಟ್ಟಿತು. ನಾನು ಸಂಗೀತ ಕಲಿಸುವ ಈ ಮನೆಯ ಪಾರುಪತ್ತೇಗಾರ ಥರ್ಸ್ಟನ್ ಪ್ರತಿ ಸಲವೂ ಮೊದಲೇ ನುಗ್ಗಿಬಿಡುತ್ತಿದ್ದ.

"ನಿಮಗೆ ಕೊಟ್ಟಿರೋದು ಬರೀ ಉದ್ದುದ್ದ ಸ್ವರ ಕಣ್ರೀ. ಕುರಿ ಕಾಯೋನೂ ಇಷ್ಟು ಎಣಿಸ್ತಾನೆ!" ಎಂದೆ. ಎಲ್ಲರೂ ನಕ್ಕರು. ಅವನ ಕಿವಿ ಕೆಂಪಾಯಿತು. "ಇನ್ನೊಂದ್ಸಲ ನೋಡ್ತೀನಿ ಮೇಷ್ಟ್ರೇ" ಎಂದ, ಅಷ್ಟೇ.

ನುಡಿಸುವಾಗ ಒಬ್ಬರ ಪಾಲು ಇನ್ನೊಬ್ಬರಿಗೆ ಕಾಣುವುದಿಲ್ಲ; ಅವರವರ ಸ್ವರ ಬರೆದ ಪುಸ್ತಕ ಅವರವರಿಗೆ. ಆಮೇಲೆ ಯಜಮಾನರ ಮಗಳು ಏವಿಸ್ ಐದೂ ಪುಸ್ತಕ ಹರಡಿಕೊಂಡು, ವರ್ಜಿನಲ್ ವಾದ್ಯದ ಕೀಲಿಮಣೆಯ ಮುಂದೆ ಕೂತು, ಎರಡೇ ಕೈಯಲ್ಲಿ ಎಲ್ಲರ ಪಾಲನ್ನೂ ನುಡಿಸತೊಡಗಿದಳು. ಅದೇ ಜಾಗದಲ್ಲಿ ಅವಳ ಬೆರಳು ನಿಂತಿತು.

"ಮೇಷ್ಟ್ರೇ, ಥರ್ಸ್ಟನ್ ಪುಸ್ತಕದಲ್ಲಿ ಇಲ್ಲೊಂದು ವಿರಾಮ ಬರೆಯೋದೇ ಮರೆತಿದ್ದೀರಲ್ಲ!"

ಮರೆತದ್ದು ನಾನೇ. ಈಗ ಸೇರಿಸಿದ್ದೇನೆ. ಉಳಿದಂತೆ ಒಂದು ಸ್ವರವನ್ನೂ ಮುಟ್ಟುವುದಿಲ್ಲ, ಅದು ಖಂಡಿತ. ನಾಳೆ ಎಲ್ಲರೆದುರೇ ತಪ್ಪೊಪ್ಪಿಕೊಳ್ಳಬೇಕು. ನಾಲ್ಕು ಸಲವೂ ತನ್ನ ಕಿವಿಗಿಂತ ನನ್ನ ಕೈಬರಹವನ್ನೇ ನಂಬಿದವನನ್ನು ಕುರಿ ಕಾಯುವವನಿಗಿಂತ ಕಡೆ ಮಾಡಿದೆ.